ಬ್ಯಾಟ್ರಿ ಶೆಲ್ಲಿಗೆ ನಾವು ಹೆಚ್ಚು ಕೊಟ್ಟ ದುಡ್ಡು ಎಲ್ಲಿ ಹೋಯಿತು?

ಹೊಳಲ್ಕೆರೆ, ಹೊಸದುರ್ಗ ಕಡೆ ತೋಟ ಇರುವವರಿಗೆ ರಾತ್ರಿ ಕರೆಂಟಿನ ಕಥೆ ಹೇಳಬೇಕಾಗಿಲ್ಲ. ತ್ರೀ ಫೇಸ್ ಬರುವುದು ಸರಿರಾತ್ರಿಯಾದರೆ ಸರಿರಾತ್ರಿಯಲ್ಲೇ ಎದ್ದು ಹೋಗಿ ಮೋಟಾರು ಹಾಕಬೇಕು. ಬದುವಿನ ಮೇಲೆ ಹಾವು ಇರಬಹುದು, ಗುಡ್ಡದ ಅಂಚಿನ ಊರಾದರೆ ಕರಡಿಯೂ ಬರಬಹುದು. ಇವತ್ತು ಕೈಯಲ್ಲಿ ಮೊಬೈಲ್ ಇದೆ, ಅದರಲ್ಲೇ ಲೈಟ್ ಇದೆ. ಹತ್ತು ಹದಿನೈದು ವರ್ಷದ ಹಿಂದೆ ಹಾಗಿರಲಿಲ್ಲ. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಬ್ಯಾಟ್ರಿಯೇ ದಿಕ್ಕು.

ಪೇಟೆಯವರು ಅದನ್ನು ಟಾರ್ಚ್ ಅನ್ನುತ್ತಾರೆ. ನಮ್ಮ ಕಡೆ ಟಾರ್ಚೇ ಬ್ಯಾಟ್ರಿ, ಅದರೊಳಗೆ ಹಾಕುವುದು ಶೆಲ್ಲು. ಆ ಶೆಲ್ಲನ್ನು ನಮ್ಮ ಹಿರಿಯರು ಎಷ್ಟು ಜತನದಿಂದ ಬಳಸುತ್ತಿದ್ದರು ಎಂಬುದು ನಿಮಗೂ ನೆನಪಿರಬಹುದು. ಬೆಳಕು ಮಂದವಾದರೆ ಶೆಲ್ಲು ತೆಗೆದು ಬಿಸಿಲಿಗೆ ಇಡುವುದು. ಇನ್ನೂ ನಾಕು ದಿನ ಬರಲಿ ಎಂದು ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕುವುದು. ಬ್ಯಾಟ್ರಿಗೆ ಆಗದ ಶೆಲ್ಲು ರೇಡಿಯೋಕ್ಕೆ ಹೋಗುತ್ತಿತ್ತು. ಅಲ್ಲಿಯೂ ಸತ್ತ ಮೇಲೆ ಮಕ್ಕಳು ಕಲ್ಲಿನಿಂದ ಜಜ್ಜಿ ಒಳಗಿನ ಕಪ್ಪು ಕಡ್ಡಿ ತೆಗೆದು ಜಗುಲಿ ಮೇಲೆ ಬರೆಯುತ್ತಿದ್ದರು.

ಇಷ್ಟು ಜತನ ಯಾಕೆಂದರೆ ಶೆಲ್ಲು ದುಡ್ಡು ಕೊಟ್ಟೇ ತರಬೇಕಾದ ವಸ್ತು. ಬೆಲೆ ಏರಿದಾಗೆಲ್ಲ ಊರ ಅಂಗಡಿಯವನ ಜೊತೆ ಜಗಳ.

“ಹೋದ ಸಲ ಒಂದು ರೇಟು, ಈ ಸಲ ಒಂದು ರೇಟಾ ಕಣಪ್ಪ?”

“ನಾನೇನ್ ಮಾಡ್ಲಿ ಅಜ್ಜಿ, ಮೇಲಿಂದ್ಲೇ ಹಂಗ್ ಬಂದೈತೆ.”

ಅಂಗಡಿಯವನ ಆ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಆದರೆ ಅವನು ಹೇಳಿದ್ದು ನಿಜ ಎಂದು 2018ರ ಏಪ್ರಿಲ್ 19ರಂದು ದೆಹಲಿಯಿಂದ ಹೊರಬಿದ್ದ ಒಂದು ಆದೇಶ ಹೇಳಿತು. ಆ “ಮೇಲೆ” ಎಂಬುದು ಎಲ್ಲಿ, ಅಲ್ಲಿ ಏನು ನಡೆಯಿತು, ನಾವು ಹೆಚ್ಚು ಕೊಟ್ಟ ದುಡ್ಡು ಏನಾಯಿತು ಎಂಬುದೇ ಈ ಬರಹ.

ಶೆಲ್ಲು ಬಂದ ದಾರಿ

ಶೆಲ್ಲಿನ ಕೆಲಸ ಸರಳ. ಹೊರಗಿನ ಡಬ್ಬಿ ಸತುವಿನದು. ನಡುವೆ ಇಂಗಾಲದ ಕಡ್ಡಿ. ಎರಡರ ನಡುವೆ ಮ್ಯಾಂಗನೀಸ್ ಪುಡಿಯ ಕಪ್ಪು ಮಿಶ್ರಣ. ಸತು ಸವೆಯುತ್ತಾ ಹೋದಂತೆ ಕರೆಂಟು ಹುಟ್ಟುತ್ತದೆ. ಹಳೆ ಶೆಲ್ಲು ಒದ್ದೆಯಾಗಿ ಸೋರುವುದು ಡಬ್ಬಿ ಸವೆದು ತೂತಾದಾಗ. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಇದರ ಮೂಲ ರೂಪವನ್ನು ಮಾಡಿದ. ಆಗ ಅದು ದ್ರವ ತುಂಬಿದ ಗಾಜಿನ ಪಾತ್ರೆ. 1880ರ ದಶಕದಲ್ಲಿ ಜರ್ಮನಿಯ ಗಾಸ್ನರ್ ಅದನ್ನು ಚೆಲ್ಲದ ಹಾಗೆ ಒಣ ಶೆಲ್ಲು ಮಾಡಿದ. ಜೇಬಿನಲ್ಲಿ ಇಟ್ಟುಕೊಳ್ಳುವ ಬೆಳಕು ಅಲ್ಲಿಂದ ಶುರು.

ನಮ್ಮ ದೇಶದಲ್ಲಿ ಎವರೆಡಿ ಹೆಸರಿನ ಶೆಲ್ಲಿಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. 1934ರಲ್ಲಿ ಕಲ್ಕತ್ತದಲ್ಲಿ ಅದರ ಕಂಪನಿ ನೋಂದಣಿಯಾಯಿತು. ಮುಂದೆ ಅದು ಅಮೆರಿಕದ ಯೂನಿಯನ್ ಕಾರ್ಬೈಡ್‌ನ ಭಾರತದ ಕಂಪನಿಯಾಗಿ ಬೆಳೆಯಿತು. 1970ರ ದಶಕದಲ್ಲಿ ಜಪಾನಿನ ಮತ್ಸುಶಿತ ಕಂಪನಿಯ ಸಹಯೋಗದಲ್ಲಿ ಇನ್ನೆರಡು ಹೆಸರುಗಳು ಬಂದವು. ಆಂಧ್ರದ ನೆಲ್ಲೂರಿನಲ್ಲಿ ಇಂಡೋ ನ್ಯಾಷನಲ್ ಕಂಪನಿ ನಿಪ್ಪೋ ಶೆಲ್ಲು ಮಾಡಿತು. ಗುಜರಾತಿನ ಬರೋಡದಲ್ಲಿ ಲಖನ್‌ಪಾಲ್ ನ್ಯಾಷನಲ್ ಎಂಬ ಕಂಪನಿ ನೋವಿನೋ ಮಾಡಿತು. ಮತ್ಸುಶಿತ ಕಂಪನಿ ಮುಂದೆ ಪ್ಯಾನಾಸೋನಿಕ್ ಎಂದು ಹೆಸರು ಬದಲಿಸಿಕೊಂಡಿತು, ಬರೋಡದ ಕಂಪನಿಯೂ ಪ್ಯಾನಾಸೋನಿಕ್ ಎನರ್ಜಿ ಇಂಡಿಯಾ ಆಯಿತು.

ಎವರೆಡಿ, ನಿಪ್ಪೋ, ಪ್ಯಾನಾಸೋನಿಕ್. ಹಿರಿಯೂರಿನ ಪೇಟೆಯಿಂದ ಹಿಡಿದು ಹಟ್ಟಿಯ ಗೂಡಂಗಡಿಯವರೆಗೆ ಮಾರಾಟವಾದ ಶೆಲ್ಲಿನಲ್ಲಿ ಬಹುಪಾಲು ಈ ಮೂರರದೇ. ಮೂರು ಬಣ್ಣ, ಮೂರು ಹೆಸರು, ಟಿವಿಯಲ್ಲಿ ಮೂರು ಜಾಹೀರಾತು. ಮೂವರೂ ಪೈಪೋಟಿ ಮಾಡುತ್ತಿದ್ದಾರೆ ಎಂದೇ ನಾವು ನಂಬಿದ್ದೆವು.

ಸಂತೆಯಲ್ಲಿ ಮೂರು ಜನ ಈರುಳ್ಳಿ ಹಾಕಿಕೊಂಡು ಕೂತಿದ್ದರೆ ಏನಾಗುತ್ತದೆ? ಒಬ್ಬ ಮೂವತ್ತು ಅಂದರೆ ಪಕ್ಕದವನು ಇಪ್ಪತ್ತೆಂಟು ಅನ್ನುತ್ತಾನೆ. ಸಂಜೆ ಹೊತ್ತಿಗೆ ಇಪ್ಪತ್ತೈದಕ್ಕೆ ಇಳಿಯುತ್ತದೆ. ಕೊಳ್ಳುವವನಿಗೆ ಸಿಗುವ ರಕ್ಷಣೆ ಅಷ್ಟೇ. ಆದರೆ ಆ ಮೂವರೂ ಬೆಳಿಗ್ಗೆಯೇ ಟೀ ಅಂಗಡಿಯಲ್ಲಿ ಕೂತು “ಮೂವತ್ತಕ್ಕೆ ಕಮ್ಮಿ ಯಾರೂ ಕೊಡಬಾರದು” ಎಂದು ಮಾತಾಡಿಕೊಂಡಿದ್ದರೆ? ಆಮೇಲೆ ನೀವು ಸಂತೆಯೆಲ್ಲ ಸುತ್ತಿದರೂ ಪ್ರಯೋಜನವಿಲ್ಲ. ಇದಕ್ಕೆ ಕಾನೂನಿನಲ್ಲಿ ಕಾರ್ಟೆಲ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಒಳಒಪ್ಪಂದ.

ಒಬ್ಬನು ಬಾಯಿಬಿಟ್ಟ

ಒಳಒಪ್ಪಂದವನ್ನು ಹಿಡಿಯುವುದು ಬಹಳ ಕಷ್ಟ. ಮಾತುಕತೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ, ಕಾಗದ ಇರುವುದಿಲ್ಲ. ಬೆಲೆ ಏರಿದ್ದಕ್ಕೆ ಸತು ತುಟ್ಟಿಯಾಯಿತು, ಡೀಸೆಲ್ ತುಟ್ಟಿಯಾಯಿತು ಎಂಬ ಕಾರಣ ಸದಾ ಇರುತ್ತದೆ. ಅದಕ್ಕೇ ಹಲವು ದೇಶಗಳ ಕಾನೂನು ಒಂದು ಉಪಾಯ ಮಾಡಿದೆ. ಒಳಗಿನವರಲ್ಲಿ ಮೊದಲು ಬಂದು ಸತ್ಯ ಹೇಳಿ ಸಾಕ್ಷಿ ಕೊಟ್ಟವನಿಗೆ ದಂಡ ಮನ್ನಾ. ಎರಡನೆಯವನಿಗೆ ಕಡಿಮೆ ರಿಯಾಯಿತಿ, ಮೂರನೆಯವನಿಗೆ ಇನ್ನೂ ಕಡಿಮೆ. ಕಳ್ಳರ ನಡುವೆಯೇ “ಇವನು ಮೊದಲು ಹೇಳಿಬಿಟ್ಟರೆ?” ಎಂಬ ಅನುಮಾನ ಹುಟ್ಟಲಿ ಎಂಬುದು ಇದರ ಲೆಕ್ಕ.

ಶೆಲ್ಲಿನ ವಿಷಯದಲ್ಲಿ ಆಗಿದ್ದೂ ಅದೇ. 2016ರಲ್ಲಿ ಜಪಾನಿನ ಪ್ಯಾನಾಸೋನಿಕ್ ಕಂಪನಿ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಹೋಗಿ ಭಾರತದಲ್ಲಿನ ತನ್ನ ಕಂಪನಿ ಇನ್ನಿಬ್ಬರ ಜೊತೆ ಸೇರಿ ಶೆಲ್ಲಿನ ಬೆಲೆ ನಿಗದಿ ಮಾಡುತ್ತಿದೆ ಎಂದು ಹೇಳಿಕೊಂಡಿತು. ಆ ವರ್ಷ ಆಗಸ್ಟ್ 23ರಂದು ಕಂಪನಿಗಳ ಕಚೇರಿಗಳಲ್ಲಿ ಶೋಧ ನಡೆಯಿತು. ಕಾಗದಪತ್ರ, ಇ-ಮೇಲ್ ಸಿಕ್ಕವು. ಶೋಧದ ನಂತರ ಎವರೆಡಿಯೂ ಇಂಡೋ ನ್ಯಾಷನಲ್ಲೂ ರಿಯಾಯಿತಿ ಕೋರಿ ಅರ್ಜಿ ಹಾಕಿದವು.

ಆಯೋಗದ ಆದೇಶದಲ್ಲಿ ಕಾಣುವ ಚಿತ್ರ ಹೀಗಿದೆ. ಮೂರು ಕಂಪನಿಗಳ ಮೇಲಿನ ಅಧಿಕಾರಿಗಳು ತಮ್ಮ ತಯಾರಕರ ಸಂಘದ ನೆಪದಲ್ಲಿ ಸೇರುತ್ತಿದ್ದರು. ಬೆಲೆ ಎಷ್ಟು ಏರಿಸಬೇಕು, ಯಾವಾಗ ಏರಿಸಬೇಕು ಎಂದು ಮೊದಲೇ ಮಾತಾಗುತ್ತಿತ್ತು. ಮಾರುಕಟ್ಟೆಯಲ್ಲಿ ದೊಡ್ಡದಾದ ಎವರೆಡಿ ಮೊದಲು ಬೆಲೆ ಏರಿಕೆ ಪ್ರಕಟಿಸುತ್ತಿತ್ತು. ಅದನ್ನು ನೋಡಿ ತಾವೂ ಏರಿಸಿದಂತೆ ಉಳಿದಿಬ್ಬರು ನಡೆದುಕೊಳ್ಳುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ದೊಡ್ಡವನು ಏರಿಸಿದ, ಚಿಕ್ಕವರು ಹಿಂಬಾಲಿಸಿದರು ಎಂದು ಕಾಣಬೇಕು. ಬೆಲೆಯಲ್ಲದೆ ಪೂರೈಕೆ ಮತ್ತು ಮಾರುಕಟ್ಟೆ ಹಂಚಿಕೆಯ ವಿಷಯದಲ್ಲೂ ಕಾನೂನು ಮುರಿದಿದ್ದಾರೆ ಎಂದು ಆಯೋಗ ತೀರ್ಮಾನಿಸಿತು.

ಹೊಂದಾಣಿಕೆ 2008ರಿಂದಲೇ ಇತ್ತು. ಆದರೆ ಕಾರ್ಟೆಲ್ ತಡೆಯುವ ಹೊಸ ಕಾನೂನಿನ ಕಲಮು ಜಾರಿಗೆ ಬಂದದ್ದು 2009ರ ಮೇ 20ಕ್ಕೆ. ಹಾಗಾಗಿ ಆ ದಿನದಿಂದ 2016ರ ಆಗಸ್ಟ್ 23ರವರೆಗೆ, ಅಂದರೆ ಏಳು ವರ್ಷ ಮೂರು ತಿಂಗಳನ್ನು ಲೆಕ್ಕಕ್ಕೆ ಹಿಡಿಯಲಾಯಿತು.

ಎವರೆಡಿಗೆ 245.07 ಕೋಟಿ ದಂಡ ಲೆಕ್ಕ ಹಾಕಿ, ಸಹಕರಿಸಿದ್ದಕ್ಕೆ ಶೇಕಡ 30 ಬಿಟ್ಟು 171.55 ಕೋಟಿ ರೂಪಾಯಿ ವಿಧಿಸಿದರು. ಇಂಡೋ ನ್ಯಾಷನಲ್‌ಗೆ 52.82 ಕೋಟಿಯಲ್ಲಿ ಶೇಕಡ 20 ಬಿಟ್ಟು 42.26 ಕೋಟಿ. ಮೊದಲು ಬಾಯಿಬಿಟ್ಟ ಪ್ಯಾನಾಸೋನಿಕ್‌ಗೆ ಪೂರ್ತಿ ಮನ್ನಾ. ನಮ್ಮ ದೇಶದಲ್ಲಿ ಈ ರೀತಿ ನೂರಕ್ಕೆ ನೂರು ಮನ್ನಾ ಸಿಕ್ಕಿದ ಮೊದಲ ಪ್ರಕರಣ ಅದು. ದಂಡದ ವಿರುದ್ಧ ಕಂಪನಿಗಳು ಮೇಲ್ಮನವಿಗೆ ಹೋದವು. ದಂಡದ ಒಂದು ಪಾಲು ಠೇವಣಿ ಇಡುವ ಷರತ್ತಿನ ಮೇಲೆ ವಸೂಲಿಗೆ ತಡೆ ಸಿಕ್ಕಿತು.

ಇಂಥ ಕಾನೂನು ಮೊದಲು ಇರಲಿಲ್ಲವೇ? ಇತ್ತು. 1969ರ ಏಕಸ್ವಾಮ್ಯ ತಡೆ ಕಾಯ್ದೆಯಡಿ ಒಂದು ಆಯೋಗವಿತ್ತು. ಆದರೆ ಹೀಗೆ ಕೋಟಿಗಟ್ಟಲೆ ದಂಡ ಹಾಕುವ ಬಲ ಅದಕ್ಕಿರಲಿಲ್ಲ, “ಇನ್ನು ಮುಂದೆ ಹೀಗೆ ಮಾಡಬೇಡಿ” ಎಂಬ ಆದೇಶವೇ ಅದರ ಮುಖ್ಯ ಆಯುಧ. 2002ರ ಸ್ಪರ್ಧಾ ಕಾಯ್ದೆ ಬಂದಿದ್ದೇ ಹಲ್ಲಿರುವ ಕಾನೂನು ಬೇಕು ಎಂದು. ಬೆಂಗಳೂರಿನ ಬೆಮೆಲ್ ಕಾರ್ಖಾನೆಗೆ ಮತ್ತು ರೈಲ್ವೆಗೆ ಫ್ಯಾನು ಪೂರೈಸುವ ಟೆಂಡರಿನಲ್ಲಿ ಒಳಒಪ್ಪಂದ ಮಾಡಿಕೊಂಡ ಮೂರು ಕಂಪನಿಗಳ ಪ್ರಕರಣ 2017ರ ಜನವರಿಯಲ್ಲಿ ತೀರ್ಮಾನವಾಯಿತು. ತಪ್ಪೊಪ್ಪಿಗೆಗೆ ರಿಯಾಯಿತಿ ಕೊಟ್ಟ ದೇಶದ ಮೊದಲ ಆದೇಶ ಅದು. ಶೆಲ್ಲಿನದು ಅದರ ನಂತರದ ವರ್ಷದ್ದು.

ಹೆಚ್ಚು ಕೊಟ್ಟವರು ಯಾರು?

ಈಗ ನಮ್ಮ ಲೆಕ್ಕಕ್ಕೆ ಬರೋಣ. ಒಂದು ಶೆಲ್ಲಿಗೆ ಒಂದೇ ಒಂದು ರೂಪಾಯಿ ಹೆಚ್ಚು ಕೊಟ್ಟೆವು ಎಂದು ಮಾತಿಗೆ ಇಟ್ಟುಕೊಳ್ಳಿ. ಎರಡು ಶೆಲ್ಲಿನ ಬ್ಯಾಟ್ರಿ, ತಿಂಗಳಿಗೊಂದು ಸಲ ಬದಲಾವಣೆ. ವರ್ಷಕ್ಕೆ 24 ರೂಪಾಯಿ. ಏಳು ವರ್ಷಕ್ಕೆ 168 ರೂಪಾಯಿ. ಐನೂರು ಮನೆಯ ಊರಾದರೆ 84,000 ರೂಪಾಯಿ. ಅಂಥ ನೂರು ಊರು ಸೇರಿದರೆ 84 ಲಕ್ಷ. ಇದು ನಾವು ಹಾಕಿದ ಮಾದರಿ ಲೆಕ್ಕ, ಆಯೋಗದ್ದಲ್ಲ. ಆದರೆ ಒಳಒಪ್ಪಂದದಲ್ಲಿ ದುಡ್ಡು ಹುಟ್ಟುವ ಬಗೆ ಇದೇ. ಪ್ರತಿ ಮನೆಯಿಂದ ಚಿಟಿಕೆ ತೆಗೆದರೆ ಯಾರಿಗೂ ಉರಿಯುವುದಿಲ್ಲ, ತೆಗೆದವನ ಚೀಲ ಮಾತ್ರ ತುಂಬುತ್ತದೆ.

ಇದರಲ್ಲಿ ಇನ್ನೊಂದು ಅನ್ಯಾಯವಿದೆ. ಮನೆಗೆ ಇನ್ವರ್ಟರ್ ಹಾಕಿಸಿಕೊಂಡವರು ಶೆಲ್ಲು ಕೊಳ್ಳುವುದು ಗೋಡೆ ಗಡಿಯಾರಕ್ಕೆ, ರಿಮೋಟಿಗೆ. ವರ್ಷಕ್ಕೊಂದೋ ಎರಡೋ. ತಿಂಗಳು ತಿಂಗಳೂ ಕೊಳ್ಳುವವರು ಕತ್ತಲಲ್ಲಿ ಇರುವವರು. ರಾತ್ರಿ ನೀರು ಹಾಯಿಸುವ ರೈತ, ಕುರಿ ಹಟ್ಟಿ ಕಾಯುವವನು, ಭಾಗ್ಯಜ್ಯೋತಿಯ ಒಂದು ಬಲ್ಬಿನ ಮನೆಯಲ್ಲಿ ಇರುವ ಮುದುಕಿ. ಬಡವನೇ ಹೆಚ್ಚು ಸಲ ಕೊಟ್ಟ.

ಬೈಸಿಕೊಂಡವನು ಮಾತ್ರ ಊರಿನ ಅಂಗಡಿಯವನು. ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ ಇರುತ್ತದಲ್ಲ, ಅದನ್ನು ಸರ್ಕಾರ ನಿಗದಿ ಮಾಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಕೆಲವು ಔಷಧಿಯಂಥ ಪದಾರ್ಥ ಬಿಟ್ಟರೆ ಎಂಆರ್‌ಪಿ ಅಚ್ಚು ಹಾಕುವುದು ಕಂಪನಿಯೇ. ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎಂದಷ್ಟೇ ಕಾನೂನು ಹೇಳುತ್ತದೆ. ಆ ಅಂಕಿಯೇ ಒಳಒಪ್ಪಂದದಲ್ಲಿ ಹುಟ್ಟಿದ್ದರೆ ಅಂಗಡಿಯವನು ಎಂಆರ್‌ಪಿಗೇ ಮಾರಿದರೂ ಗಿರಾಕಿಗೆ ಮೋಸ ಆಗಿರುತ್ತದೆ.

ಹಾಗಾದರೆ ದಂಡದ ದುಡ್ಡು? ಸ್ಪರ್ಧಾ ಕಾಯ್ದೆಯ 47ನೇ ಕಲಮಿನ ಪ್ರಕಾರ ವಸೂಲಾದ ದಂಡ ಭಾರತದ ಸಂಚಿತ ನಿಧಿಗೆ, ಅಂದರೆ ಕೇಂದ್ರದ ಖಜಾನೆಗೆ ಸೇರುತ್ತದೆ. ಶೆಲ್ಲು ಕೊಂಡವನಿಗೆ ಒಂದು ಪೈಸೆಯೂ ಬರುವುದಿಲ್ಲ. ಹೊಲ ಮೇಯ್ದ ದನವನ್ನು ದೊಡ್ಡಿಗೆ ಹಾಕಿ ದಂಡ ಕಟ್ಟಿಸಿಕೊಂಡಂತೆ. ದಂಡ ಪಂಚಾಯಿತಿಗೆ ಹೋಯಿತು, ಬೆಳೆ ಕಳಕೊಂಡವನು ಹಾಗೇ ಉಳಿದ.

ಅಮೆರಿಕದಲ್ಲಿ ಚೆಕ್ ಮನೆಗೆ ಬಂತು

ಇದೇ ಬಗೆಯ ಮೋಸ ಬೇರೆ ದೇಶದಲ್ಲಿ ಆದಾಗ ಏನಾಯಿತು ನೋಡಿ.

ಕಂಪ್ಯೂಟರಿನೊಳಗೆ ಡಿರ‍್ಯಾಮ್ ಎಂಬ ನೆನಪಿನ ಚಿಪ್ಪು ಇರುತ್ತದೆ. ನಿಮ್ಮ ಕೈಯಲ್ಲಿರುವ ಫೋನಿನಲ್ಲೂ “ಇಷ್ಟು ಜಿಬಿ ರ‍್ಯಾಮ್” ಅನ್ನುತ್ತಾರಲ್ಲ, ಅದೇ. 1990ರ ದಶಕದ ಕೊನೆಯಿಂದ 2002ರವರೆಗೆ ಆ ಚಿಪ್ಪು ಮಾಡುವ ದೊಡ್ಡ ಕಂಪನಿಗಳು ಬೆಲೆಯ ವಿಷಯದಲ್ಲಿ ಒಳಒಪ್ಪಂದ ಮಾಡಿಕೊಂಡಿದ್ದವು. ಅಮೆರಿಕ ಸರ್ಕಾರ ಕೇಸು ಹಾಕಿತು. ಇನ್ಫಿನಿಯಾನ್ 16 ಕೋಟಿ ಡಾಲರ್, ಹೈನಿಕ್ಸ್ 18.5 ಕೋಟಿ ಡಾಲರ್, ಸ್ಯಾಮ್‌ಸಂಗ್ 30 ಕೋಟಿ ಡಾಲರ್ ದಂಡಕ್ಕೆ ತಲೆಬಾಗಿದವು. ಆ ದಂಡ ಸರ್ಕಾರಕ್ಕೆ ಹೋಯಿತು. ಇಲ್ಲಿಯವರೆಗೆ ನಮ್ಮ ಕಥೆಯೇ.

ಅಲ್ಲಿ ಕಥೆ ಇನ್ನೂ ಮುಂದುವರಿಯಿತು. ಕಂಪ್ಯೂಟರ್ ಕೊಂಡ ಸಾಮಾನ್ಯ ಜನರ ಪರವಾಗಿ ಬೇರೆ ಕೇಸುಗಳು ಬಿದ್ದವು. ಇದಕ್ಕೆ ಅಲ್ಲಿ ಕ್ಲಾಸ್ ಆಕ್ಷನ್ ಅನ್ನುತ್ತಾರೆ, ಸಮೂಹ ದಾವೆ. ಒಂದೇ ಥರದ ನಷ್ಟ ಲಕ್ಷಾಂತರ ಜನಕ್ಕೆ ಆಗಿದ್ದರೆ ಪ್ರತಿಯೊಬ್ಬರೂ ಕೋರ್ಟಿಗೆ ಅಲೆಯಬೇಕಿಲ್ಲ. ಒಬ್ಬಿಬ್ಬರು ಎಲ್ಲರ ಪರವಾಗಿ ನಿಲ್ಲುತ್ತಾರೆ. ವಕೀಲರು ಮೊದಲು ಫೀಸು ಕೇಳುವುದಿಲ್ಲ, ಗೆದ್ದರೆ ಬಂದ ಮೊತ್ತದಲ್ಲಿ ಪಾಲು. ರಾಜಿ ಆದರೆ ಅದು ನ್ಯಾಯವಾಗಿದೆಯೇ ಎಂದು ನ್ಯಾಯಾಧೀಶರು ನೋಡಬೇಕು. ಎಲ್ಲರಿಗೂ ನೋಟಿಸು ಹೋಗಬೇಕು. ಬೇಡ ಅನ್ನುವವನು ಹೊರಗೆ ಉಳಿಯಬಹುದು, ತಕರಾರು ಇದ್ದವನು ಕೋರ್ಟಿಗೆ ಹೇಳಬಹುದು.

ಡಿರ‍್ಯಾಮ್ ಕೇಸಿನಲ್ಲಿ ಕೊನೆಗೆ ಗ್ರಾಹಕರ ಪಾಲಿಗೆ 31 ಕೋಟಿ ಡಾಲರಿನ ರಾಜಿ ಆಯಿತು. 1998ರಿಂದ 2002ರ ನಡುವೆ ಅಮೆರಿಕದಲ್ಲಿ ಕಂಪ್ಯೂಟರ್ ಕೊಂಡವರು 2014ರ ಆಗಸ್ಟ್ 1ರೊಳಗೆ ಅರ್ಜಿ ಹಾಕಬೇಕಿತ್ತು. ಸಣ್ಣ ಅರ್ಜಿಗೆ ಹಳೆ ಬಿಲ್ ತೋರಿಸುವ ಕಡ್ಡಾಯ ಇರಲಿಲ್ಲ. ಕನಿಷ್ಠ ಹತ್ತು ಡಾಲರ್. ಆ ವರ್ಷಗಳಲ್ಲಿ ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಮೊದಲ ಕಂಪ್ಯೂಟರ್ ಕೊಂಡ ಕನ್ನಡದ ಹುಡುಗರಿಗೂ ಆ ಅರ್ಜಿ ಹಾಕುವ ಹಕ್ಕಿತ್ತು.

ಹಳೆ ಡಬ್ಬ ಟಿವಿಯ ಪಿಕ್ಚರ್ ಟ್ಯೂಬಿನದ್ದೂ ಇದೇ ಹಾಡು. 1996ರಿಂದ 2006ರವರೆಗೆ ಹತ್ತು ವರ್ಷ ಟ್ಯೂಬ್ ತಯಾರಕರು ಬೆಲೆ ನಿಗದಿ ಮಾಡಿಕೊಂಡಿದ್ದರು ಎಂದು ಯೂರೋಪಿನ ಆಯೋಗ 2012ರ ಡಿಸೆಂಬರ್‌ನಲ್ಲಿ 147 ಕೋಟಿ ಯೂರೋ ದಂಡ ಹಾಕಿತು. ಅಮೆರಿಕದ ಗ್ರಾಹಕರ ದಾವೆ 57 ಕೋಟಿ ಡಾಲರಿಗೂ ಹೆಚ್ಚಿನ ರಾಜಿಯಲ್ಲಿ ಮುಗಿಯಿತು.

ಮೂರನೆಯದು ಕೆಪಾಸಿಟರ್. ನಿಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ಪಕ್ಕ ಇರುವ ಕೆಪಾಸಿಟರ್ ನಿಮಗೆ ಗೊತ್ತು, ಫ್ಯಾನು ನಿಧಾನವಾದರೆ ಬದಲಿಸುವುದೂ ಗೊತ್ತು. ಅದರ ಕಿರಿಯ ತಮ್ಮಂದಿರು, ಬೆರಳ ತುದಿಯಷ್ಟು ಚಿಕ್ಕವು, ಟಿವಿ, ಚಾರ್ಜರ್, ಮೊಬೈಲ್ ಎಲ್ಲದರ ಒಳಗೂ ಇರುತ್ತಾರೆ. ಅವುಗಳನ್ನು ಮಾಡುವ ಬಹುತೇಕ ಜಪಾನಿನ ಒಂಬತ್ತು ಕಂಪನಿಗಳು 1998ರಿಂದ 2012ರವರೆಗೆ ಬೆಲೆಯ ಮಾಹಿತಿ ಹಂಚಿಕೊಂಡು ಹೊಂದಾಣಿಕೆ ಮಾಡಿಕೊಂಡಿದ್ದವು ಎಂದು ಯೂರೋಪಿನ ಆಯೋಗ 2018ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟು 25.4 ಕೋಟಿ ಯೂರೋ ದಂಡ ವಿಧಿಸಿತು. ಒಂಬತ್ತರಲ್ಲಿ ದಂಡ ತಪ್ಪಿಸಿಕೊಂಡದ್ದು ಒಂದೇ. ಮೊದಲು ಬಂದು ಹೇಳಿದ ಸಾನ್ಯೋ. ಅದರ ಒಡೆತನ ಯಾರದು? ಪ್ಯಾನಾಸೋನಿಕ್‌ನದು. ಮುಂದಿನ ತಿಂಗಳೇ ದೆಹಲಿಯಲ್ಲಿ ಶೆಲ್ಲಿನ ಆದೇಶ ಬಂದಾಗಲೂ ಮನ್ನಾ ಸಿಕ್ಕಿದ್ದು ಅದೇ ಮನೆತನಕ್ಕೆ. ಮೊದಲು ಬಾಯಿಬಿಟ್ಟವನಿಗೆ ಲಾಭ ಎಂಬ ಪಾಠವನ್ನು ದೊಡ್ಡ ಕಂಪನಿಗಳು ಚೆನ್ನಾಗಿಯೇ ಕಲಿತಿವೆ.

ಕೆಪಾಸಿಟರ್ ನೇರವಾಗಿ ಕೊಂಡ ಅಮೆರಿಕದ ವ್ಯಾಪಾರಿಗಳು ಹಾಕಿದ ಸಮೂಹ ದಾವೆಯಲ್ಲಿ ಒಂದೊಂದೇ ಕಂಪನಿ ರಾಜಿಗೆ ಬಂದು ಒಟ್ಟು ಮೊತ್ತ 60 ಕೋಟಿ ಡಾಲರ್ ದಾಟಿತು. ಅಲ್ಲಿನ ಕಾನೂನಿನಲ್ಲಿ ಇಂಥ ಕೇಸು ಗೆದ್ದರೆ ನಷ್ಟದ ಮೂರು ಪಟ್ಟು ಕೊಡಬೇಕು. ಆ ಭಯಕ್ಕೇ ಕಂಪನಿಗಳು ರಾಜಿಗೆ ಬರುತ್ತವೆ.

ಇದೆಲ್ಲ ರಾಮರಾಜ್ಯ ಎಂದು ಹೇಳುತ್ತಿಲ್ಲ. 2002ಕ್ಕೆ ಮುಗಿದ ಮೋಸಕ್ಕೆ ಅರ್ಜಿ ಕರೆದದ್ದು 2014ರಲ್ಲಿ. ವಕೀಲರಿಗೆ ಕೋಟಿಗಟ್ಟಲೆ, ಗ್ರಾಹಕನಿಗೆ ಹತ್ತು ಡಾಲರ್ ಎಂಬ ಟೀಕೆ ಅಲ್ಲೂ ಇದೆ. ಆದರೂ ಮೋಸ ಹೋದವನ ಹೆಸರಿಗೆ ಒಂದು ಚೆಕ್ ಬಂತು. “ನಿನಗೆ ಮೋಸ ಆಗಿತ್ತು” ಎಂದು ಕೋರ್ಟು ಅವನಿಗೇ ಹೇಳಿದಂತಾಯಿತು.

ನಮ್ಮಲ್ಲೂ ಒಂದು ದೊಡ್ಡ ರಾಜಿ ಆಗಿತ್ತು

ಲಕ್ಷಾಂತರ ಜನರ ಪರವಾಗಿ ಒಂದೇ ಕಡೆ ರಾಜಿ ಮಾಡುವುದು ನಮ್ಮ ದೇಶಕ್ಕೆ ಹೊಸದಲ್ಲ. ಅದರ ಅತಿ ದೊಡ್ಡ ಉದಾಹರಣೆಗೂ ಶೆಲ್ಲಿಗೂ ನಂಟಿದೆ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಕೀಟನಾಶಕ ಮಾಡುತ್ತಿದ್ದ ಆ ಕಾರ್ಖಾನೆ ಯೂನಿಯನ್ ಕಾರ್ಬೈಡ್ ಇಂಡಿಯಾದ್ದು. ಎವರೆಡಿ ಶೆಲ್ಲು ಮಾಡುತ್ತಿದ್ದದ್ದೂ ಆಗ ಅದೇ ಕಂಪನಿ. 1985ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ತಂದು, ಎಲ್ಲ ಸಂತ್ರಸ್ತರ ಪರವಾಗಿ ತಾನೊಬ್ಬನೇ ದಾವೆ ನಡೆಸುವ ಅಧಿಕಾರ ತೆಗೆದುಕೊಂಡಿತು. 300 ಕೋಟಿ ಡಾಲರಿಗೂ ಹೆಚ್ಚು ಕೇಳಿದ್ದ ಸರ್ಕಾರ 1989ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ 47 ಕೋಟಿ ಡಾಲರಿಗೆ ರಾಜಿಯಾಯಿತು. ಸಂತ್ರಸ್ತರನ್ನು ಯಾರೂ ಕೇಳಲಿಲ್ಲ. ಹೊರಗೆ ಉಳಿಯುವ ಆಯ್ಕೆಯೂ ಇರಲಿಲ್ಲ. ಗಾಯಗೊಂಡವರಲ್ಲಿ ಬಹುಪಾಲು ಜನಕ್ಕೆ ಮೊದಲ ಸುತ್ತಿನಲ್ಲಿ ಸಿಕ್ಕಿದ್ದು 25,000 ರೂಪಾಯಿ. ಹೆಚ್ಚಿನ ಪರಿಹಾರ ಕೇಳಿ ಕೇಂದ್ರ ಹಾಕಿದ್ದ ಕೊನೆಯ ಅರ್ಜಿಯನ್ನು 2023ರ ಮಾರ್ಚ್ 14ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

1994ರಲ್ಲಿ ಯೂನಿಯನ್ ಕಾರ್ಬೈಡ್ ತನ್ನ ಭಾರತದ ಪಾಲನ್ನು ಕಲ್ಕತ್ತದ ಟೀ ಕಂಪನಿಯೊಂದಕ್ಕೆ ಮಾರಿತು. ಆ ದುಡ್ಡಿನಿಂದ ಭೋಪಾಲಿನಲ್ಲಿ ಆಸ್ಪತ್ರೆ ಕಟ್ಟಲಾಯಿತು. ಕೊಂಡ ಕಂಪನಿ ಹೆಸರು ಬದಲಿಸಿ ಎವರೆಡಿ ಇಂಡಸ್ಟ್ರೀಸ್ ಆಯಿತು.

ಭೋಪಾಲಿನ ಸಾವನ್ನೂ ಶೆಲ್ಲಿನ ರೂಪಾಯಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ನಾವು ಹೇಳುವುದು ಇಷ್ಟೇ. ಒಂದರಲ್ಲಿ ಜನರ ಹೆಸರಿನಲ್ಲಿ ರಾಜಿ ಆಯಿತು, ಜನರನ್ನು ಕೇಳಲಿಲ್ಲ. ಇನ್ನೊಂದರಲ್ಲಿ ಜನರ ಹೆಸರಿನಲ್ಲಿ ಯಾರೂ ಕೇಸನ್ನೇ ಹಾಕಲಿಲ್ಲ.

ನಮ್ಮ ಕೈಯಲ್ಲಿ ಏನಿದೆ?

ಕಾಗದದ ಮೇಲೆ ದಾರಿ ಇದೆ. ಸ್ಪರ್ಧಾ ಕಾಯ್ದೆಯ 53ಎನ್ ಕಲಮಿನಡಿ ಒಳಒಪ್ಪಂದದಿಂದ ನಷ್ಟವಾದವರು ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು. ಒಂದೇ ಥರದ ನಷ್ಟ ಬಹಳ ಜನಕ್ಕೆ ಆಗಿದ್ದರೆ ಒಬ್ಬರೋ ಇಬ್ಬರೋ ಎಲ್ಲರ ಪರವಾಗಿ ಅರ್ಜಿ ಹಾಕಬಹುದು ಎಂದು ಅದೇ ಕಲಮು ಹೇಳುತ್ತದೆ. ಆದರೆ ಮೊದಲು ಆಯೋಗದ ತೀರ್ಮಾನ ಬೇಕು. ಅದರ ಮೇಲ್ಮನವಿ ಇತ್ಯರ್ಥವಾಗುವವರೆಗೆ ಪರಿಹಾರದ ಅರ್ಜಿ ಮುಂದೆ ಸಾಗುವುದು ಕಷ್ಟ. ನಷ್ಟ ಎಷ್ಟೆಂದು ತೋರಿಸಬೇಕು. 168 ರೂಪಾಯಿಗೆ ದೆಹಲಿಗೆ ಹೋಗುವವರು ಯಾರು? ಶೆಲ್ಲು ಕೊಂಡ ಬಿಲ್ ಇಟ್ಟುಕೊಂಡವರು ಯಾರು? 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಕೆಲವು ಪ್ರಕರಣಗಳಲ್ಲಿ ಆಯೋಗದ ಮುಂದೆಯೇ ರಾಜಿಗೆ ಅವಕಾಶ ಕೊಟ್ಟರು. ಆದರೆ ಕಾರ್ಟೆಲ್‌ಗಳನ್ನು ಅದರಿಂದ ಹೊರಗಿಟ್ಟಿದ್ದಾರೆ.

ಹತ್ತಿರದ ದಾರಿ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 35ನೇ ಕಲಮಿನಲ್ಲಿ ಸಮಾನ ತೊಂದರೆಯ ಹಲವರ ಪರವಾಗಿ ಕೆಲವರು, ಆಯೋಗದ ಅನುಮತಿ ಪಡೆದು, ದೂರು ಕೊಡಬಹುದು. ನಮ್ಮ ಜಿಲ್ಲಾ ಆಯೋಗ ಚಿತ್ರದುರ್ಗದಲ್ಲೇ ಇದೆ. ಕೊಂಡ ವಸ್ತುವಿಗೆ ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಿಚಾರಿಸಲು 1915 ನಂಬರಿಗೆ ಫೋನ್ ಮಾಡಬಹುದು. ಕಳಪೆ ಬಿತ್ತನೆ ಬೀಜ, ಬೇಗ ಸುಟ್ಟ ಮೋಟಾರು, ಪಂಪಿನ ಬಿಡಿಭಾಗ ಇಂಥದ್ದರಲ್ಲಿ ಊರಿನ ಹತ್ತಿಪ್ಪತ್ತು ಜನಕ್ಕೆ ಒಂದೇ ನಷ್ಟ ಆಗಿದ್ದರೆ ಒಬ್ಬೊಬ್ಬರೇ ಅಲೆಯುವ ಬದಲು ಒಟ್ಟಿಗೆ ಹೋಗುವುದು ಮೇಲು. ಅದಕ್ಕೆ ಬೇಕಾದ್ದು ಬಿಲ್. ಕೇಳಿ ಪಡೆಯಿರಿ, ಫೋನಿನಲ್ಲಿ ಅದರ ಫೋಟೋ ತೆಗೆದಿಡಿ.

ಒಳಒಪ್ಪಂದ ಕೊಳ್ಳುವಾಗ ಮಾತ್ರವಲ್ಲ, ಮಾರುವಾಗಲೂ ಆಗುತ್ತದೆ. ಮಾರುಕಟ್ಟೆಗೆ ಮಾಲು ತಂದ ರೈತನ ಮುಂದೆ ಖರೀದಿದಾರರು ಮೊದಲೇ ಮಾತಾಡಿಕೊಂಡು ಕೂಗಿದರೆ ಬೆಲೆ ಏರುವುದೇ ಇಲ್ಲ. ಇದೇ ಸ್ಪರ್ಧಾ ಆಯೋಗ ಈರುಳ್ಳಿ ಮಾರುಕಟ್ಟೆಯ ಅಧ್ಯಯನವನ್ನು ಬೆಂಗಳೂರಿನ ಐಸೆಕ್ ಸಂಸ್ಥೆಯಿಂದ ಮಾಡಿಸಿತ್ತು. ಮಹಾರಾಷ್ಟ್ರ ಮತ್ತು ಕರ್ನಾಟಕದ ಮಂಡಿಗಳನ್ನು ನೋಡಿದ ಆ ವರದಿ ಬಂದದ್ದು 2012ರಲ್ಲಿ. ನಮ್ಮ ರಾಜ್ಯದ ಎಪಿಎಂಸಿಗಳಲ್ಲಿ ಆನ್‌ಲೈನ್ ಟೆಂಡರ್ ಬಂದದ್ದರ ಒಂದು ಉದ್ದೇಶವೂ ಒಬ್ಬ ಖರೀದಿದಾರನ ದರ ಇನ್ನೊಬ್ಬನಿಗೆ ಮೊದಲೇ ಕಾಣಬಾರದು ಎಂಬುದು. ಅಡಿಕೆ, ಈರುಳ್ಳಿ, ಶೇಂಗಾ ಮಾರುವವರು ದಿನದ ದರವನ್ನು ನಾಲ್ಕು ಮಾರುಕಟ್ಟೆಯಲ್ಲಿ ನೋಡಿ ಬರೆದಿಟ್ಟುಕೊಂಡರೆ, ಒಂದು ಕಡೆ ಮಾತ್ರ ಬೆಲೆ ಮಲಗಿರುವುದು ನಾಕು ದಿನದಲ್ಲೇ ಕಣ್ಣಿಗೆ ಬೀಳುತ್ತದೆ. ಶೆಲ್ಲಿನ ವಿಷಯದಲ್ಲಿ ನಾವು ಹಾಗೆ ಬರೆದಿಟ್ಟಿರಲಿಲ್ಲ.

ಈಗ ಬಾಗಿಲ ಹಿಂದಿನ ಮೊಳೆಯಲ್ಲಿ ಚಾರ್ಜ್ ಮಾಡುವ ಎಲ್‌ಇಡಿ ಬ್ಯಾಟ್ರಿ ತೂಗುತ್ತಿದೆ. ಶೆಲ್ಲು ಕೊಳ್ಳುವುದು ಕಡಿಮೆಯಾಗಿದೆ. ಆದರೆ ನಿಮ್ಮ ಊರಿನಲ್ಲಿ ಹಳೆ ಅಂಗಡಿಯವರು ಯಾರಾದರೂ ಇನ್ನೂ ಗಲ್ಲಾದ ಮೇಲೆ ಕೂತಿದ್ದರೆ, ಶೆಲ್ಲಿನ ರೇಟಿಗಾಗಿ ಅವರ ಹತ್ತಿರ ಜಗಳ ಆಡಿದ್ದು ನಿಮಗೆ ನೆನಪಿದ್ದರೆ, ಒಂದು ಸಲ ಹೋಗಿ ಹೇಳಿ: ಆವತ್ತು ನೀನು ಹೇಳಿದ್ದು ಸರಿ ಕಣಪ್ಪ, ಮೇಲಿಂದ್ಲೇ ಹಂಗ್ ಬಂದಿತ್ತು.